ಗಣಕ ವಾರ್ತೆ ಮತ್ತು ಕನ್ನಡ ವಾಚಕ: ಒಂದು ವಿಮರ್ಶೆ

೧

ದಿನಪತ್ರಿಕೆಗಳಲ್ಲಿ ಬರುವ ಕಂಪ್ಯೂಟರ್ ಸುದ್ದಿಯನ್ನು ಕನ್ನಡ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಕೆಲವರಿಗಾದರೂ ವಿಚಿತ್ರವಾಗಿ ತೋರಬಹುದು. ಶಾಸನ, ದಾಸಸಾಹಿತ್ಯ, ಜಾನಪದ, ಹಳಗನ್ನಡ ವ್ಯಾಕರಣ ಇವು ಇಂತಹ ಸಂಚಿಕೆಗಳ ರೂಢಿಯ ವಿಷಯಗಳು. ಆದರೂ ಇಂದು ಕನ್ನಡದಲ್ಲಿ ನಿತ್ಯವೂ ಅಚ್ಚಾಗುವ ಗದ್ಯದಲ್ಲಿ ಗಣಕ, ಮೊಬೈಲು, ತಂತ್ರಾಂಶಗಳನ್ನು ಕುರಿತ ಬರವಣಿಗೆಗೆ ತನ್ನದೇ ಆದ ಸ್ಥಾನವಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಪತ್ರಿಕೆಯ ಸಾಹಿತ್ಯಪುಟಕ್ಕಿಂತ ಮೊದಲು ಬಿಡಿಸುವುದು ಅದನ್ನೇ. ಇಷ್ಟು ಜನ ಓದುವ ಗದ್ಯವೊಂದರ ಗುಣದೋಷಗಳನ್ನು ವಿಚಾರಿಸುವುದು ವಿಮರ್ಶೆಯ ಕರ್ತವ್ಯಕ್ಕೆ ಹೊರತಾದುದಲ್ಲವೆಂದು ನಾವು ಭಾವಿಸುತ್ತೇವೆ.

ಈ ವಿಚಾರಕ್ಕೆ ನಮ್ಮನ್ನು ಪ್ರೇರಿಸಿದ ಸಂಗತಿ ಚಿಕ್ಕದು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಜನಿಸಿದ ಗೋಪಾಲದಾಸರ ಕೀರ್ತನೆಗಳನ್ನು ಕುರಿತು ೨೦೦೪ರಲ್ಲಿ ವಿದ್ಯಾರ್ಥಿಯೊಬ್ಬರು ಒಂದು ಕಿರುಪ್ರಬಂಧವನ್ನು ಬರೆದಿದ್ದರು. ಹಳ್ಳಿಗಳಲ್ಲಿ ಹಾಡುವವರಿಂದ ಕೇಳಿ ಬರೆದುಕೊಂಡ ಪಾಠಾಂತರಗಳು ಅದರ ವಿಶೇಷ. ಮುದ್ರಿತ ಪ್ರತಿ ಗೆದ್ದಲಿಗೆ ಆಹುತಿಯಾಗಿದ್ದುದರಿಂದ, ಅದರೊಡನೆ ಸಲ್ಲಿಸಿದ್ದ ಸಿ.ಡಿ.ಯನ್ನು ತೆರೆದು ನೋಡಿದೆವು. ತೆರೆಯ ಮೇಲೆ ಮೂಡಿದ ಸಾಲುಗಳಲ್ಲಿ ಕನ್ನಡದ ಒಂದು ಅಕ್ಷರವೂ ಇರಲಿಲ್ಲ. ರೋಮನ್ ಲಿಪಿಯ ಅಕ್ಷರಗಳೂ ವಿರಾಮಚಿಹ್ನೆಗಳೂ ಯೂರೋಪಿನ ಭಾಷೆಗಳ ಕೊಂಬು-ಚುಕ್ಕೆಗಳೂ ಕಲಸಿಹೋಗಿದ್ದವು. ಕಡತ ಕೆಟ್ಟಿರಲಿಲ್ಲ. ಅದನ್ನು ಬೆರಳಚ್ಚು ಮಾಡಿದ ಅಂಗಡಿಯವರು ಅಂದು ಬಳಸಿದ ಅಕ್ಷರಶೈಲಿ, ಎಂದರೆ ಫಾಂಟು, ಇಂದಿನ ನಮ್ಮ ಗಣಕದಲ್ಲಿ ಇರಲಿಲ್ಲ, ಇಷ್ಟೇ ಕಾರಣ.

ಇದರಲ್ಲಿ ವಿದ್ಯಾರ್ಥಿಯ ತಪ್ಪಿಲ್ಲ. ಅಂಗಡಿಯವರ ತಪ್ಪೂ ಇಲ್ಲ. ಅಂದು ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಅದೇ ಕಾಲದಲ್ಲಿ ಪತ್ರಿಕೆಗಳ ಮೂಲಕ ನಮಗೆ ಹೊಸ ಗಣಕಗಳ ವೇಗ ತಿಳಿಯುತ್ತಿತ್ತು, ಬೆಲೆ ತಿಳಿಯುತ್ತಿತ್ತು, ಯಾವ ಕಂಪನಿ ಯಾವುದನ್ನು ಕೊಂಡಿತೆಂಬುದೂ ತಿಳಿಯುತ್ತಿತ್ತು. ಈ ಯಂತ್ರದಲ್ಲಿ ಬರೆದ ಕನ್ನಡ ಇಪ್ಪತ್ತು ವರ್ಷಗಳ ಮೇಲೆ ಓದಲು ಸಿಕ್ಕೀತೇ ಎಂಬ ಪ್ರಶ್ನೆ ಮಾತ್ರ ನಮ್ಮಂತಹ ಸಾಮಾನ್ಯ ವಾಚಕರವರೆಗೆ ಏಕೆ ಬರಲಿಲ್ಲ? ಗಣಕೋದ್ಯಮದ ವಾರ್ತೆಯನ್ನು ಕನ್ನಡದಲ್ಲಿ ಬರೆಯುವುದೆಂದರೆ ಏನು, ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದೇ ಪ್ರಕೃತ ಲೇಖನದ ವಿಷಯ.

೨

ಸ್ವಂತ ಬಳಕೆಯ ಗಣಕವೆಂಬ ವಸ್ತು ಪತ್ರಿಕೆಯ ಕೈಹಿಡಿದೇ ಲೋಕಕ್ಕೆ ಬಂದಿತೆಂಬುದನ್ನು ಮೊದಲು ನೆನೆಯಬೇಕು. ೧೯೭೫ರ ಜನವರಿಯಲ್ಲಿ ಅಮೆರಿಕದ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಮಾಸಪತ್ರಿಕೆ 'ಆಲ್ಟೇರ್ ೮೮೦೦' ಎಂಬ ಯಂತ್ರವನ್ನು ಮುಖಪುಟದಲ್ಲಿ ಪ್ರಕಟಿಸಿತು. ಬಿಡಿಭಾಗಗಳನ್ನು ಅಂಚೆಯಲ್ಲಿ ತರಿಸಿ ಮನೆಯಲ್ಲಿ ಜೋಡಿಸಿಕೊಳ್ಳಬೇಕಾದ ಯಂತ್ರವದು. ಆ ಸಂಚಿಕೆಯನ್ನು ಓದಿಯೇ ಇಬ್ಬರು ತರುಣರು ಅದಕ್ಕೆ ತಂತ್ರಾಂಶ ಬರೆಯಲು ಹೊರಟು, ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ 'ಬೈಟ್' ಪತ್ರಿಕೆ ಹೊರಟಿತು. ೧೯೮೧ರ ಆಗಸ್ಟ್ ೧೨ರಂದು ಐ.ಬಿ.ಎಂ. ತನ್ನ ಪಿ.ಸಿ.ಯನ್ನು ಪ್ರಕಟಿಸುವ ಹೊತ್ತಿಗೆ ಅದನ್ನು ಪರೀಕ್ಷಿಸಿ ಹೇಳಬಲ್ಲ ಬರಹಗಾರರ ವರ್ಗವೊಂದು ಸಿದ್ಧವಾಗಿತ್ತು. ಯಂತ್ರವನ್ನು ತಯಾರಿಸುವವರು, ಅದರ ಬಗೆಗೆ ಬರೆಯುವವರು, ಕೊಳ್ಳುವವರು, ಈ ಮೂವರೂ ಒಂದೇ ಭಾಷೆಯವರು. ಬಹುಮಟ್ಟಿಗೆ ಒಂದೇ ಅಭಿರುಚಿಯವರು. ಆ ಬರವಣಿಗೆಯ ಶಕ್ತಿಯೂ ದೌರ್ಬಲ್ಯವೂ ಇದರಿಂದಲೇ ಹುಟ್ಟಿದವು.

ನಮ್ಮ ದೇಶದ ಕಥೆ ಬೇರೆ. ೧೯೭೮ರಲ್ಲಿ ಐ.ಬಿ.ಎಂ. ಭಾರತವನ್ನು ಬಿಟ್ಟಿತು. ಅದಕ್ಕೆ ಎರಡು ವರ್ಷ ಮೊದಲು ಎಚ್.ಸಿ.ಎಲ್. ಹುಟ್ಟಿತ್ತು, ಅನಂತರ ಬೆಂಗಳೂರಿನಲ್ಲಿ ವಿಪ್ರೊ ಗಣಕಗಳ ತಯಾರಿಕೆಗೆ ಇಳಿಯಿತು. ೧೯೮೪ರ ಹೊಸ ಗಣಕನೀತಿ ಆಮದಿನ ಬಿಗಿಯನ್ನು ಸಡಿಲಿಸಿತು. ಈ ಉದ್ಯಮದ ಸುದ್ದಿಗೆ ಮೀಸಲಾದ 'ಡೇಟಾಕ್ವೆಸ್ಟ್' ೧೯೮೨ರಲ್ಲಿಯೂ 'ಪಿ.ಸಿ. ಕ್ವೆಸ್ಟ್' ೧೯೮೭ರಲ್ಲಿಯೂ ಆರಂಭವಾದವು, ಎರಡೂ ಇಂಗ್ಲಿಷಿನವು. ಉದ್ಯಮವು ಕರ್ನಾಟಕದ ರಾಜಧಾನಿಯಲ್ಲಿಯೇ ಬೆಳೆಯಿತು. ಅದರ ವಾರ್ತೆಯ ಭಾಷೆ ಮಾತ್ರ ಮೊದಲಿನಿಂದಲೂ ಇಂಗ್ಲಿಷ್ ಆಯಿತು. ಕನ್ನಡ ಪತ್ರಿಕೆ ಆ ವಾರ್ತೆಯನ್ನು ಎರಡನೆಯ ಕೈಯಿಂದ ಪಡೆಯಿತು.

ಕನ್ನಡಕ್ಕೆ ಇಂತಹ ಬರವಣಿಗೆ ಸಾಧ್ಯವಿಲ್ಲವೆಂದು ಯಾರೂ ಹೇಳಲಾಗದು. ೧೯೧೮ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ಬೆಂಗಳೂರಿನಿಂದ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಅದೇ ಕಾಲದಲ್ಲಿ ರಾಯಚೂರು ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಉರ್ದು ಮಾಧ್ಯಮದಲ್ಲಿ ಸ್ಥಾಪಿತವಾಗಿ, ಅದಕ್ಕಾಗಿ ಭಾಷಾಂತರ ಶಾಖೆಯೊಂದು ವೈದ್ಯ, ಗಣಿತ, ಯಂತ್ರಶಾಸ್ತ್ರಗಳಿಗೆ ಉರ್ದು ಪರಿಭಾಷೆಯನ್ನು ನಿರ್ಮಿಸುತ್ತಿತ್ತು. ಮೊದಲನೆಯದು ಎರಡು ವರ್ಷ ನಡೆದು ನಿಂತಿತು. ಎರಡನೆಯದು ೧೯೪೮ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ, ಶಿಕ್ಷಣದ ಮಾಧ್ಯಮ ಇಂಗ್ಲಿಷಿಗೆ ತಿರುಗಿದ್ದರಿಂದ, ತನ್ನ ಬಳಕೆಯ ನೆಲೆಯನ್ನು ಕಳೆದುಕೊಂಡಿತು. ಒಂದಕ್ಕೆ ಆಸರೆ ಕೆಲವು ವ್ಯಕ್ತಿಗಳ ಉತ್ಸಾಹ. ಮತ್ತೊಂದಕ್ಕೆ ಪ್ರಭುತ್ವದ ಬಲ. ನಿತ್ಯದ ಕೆಲಸಕ್ಕೆ ಆ ಭಾಷೆಯನ್ನೇ ಬೇಡುವ ವಾಚಕ ಇಲ್ಲದಿದ್ದರೆ ಎರಡೂ ಸಾಲವೆಂಬುದು ಈ ಎರಡು ಪ್ರಯತ್ನಗಳಿಂದ ನಮಗೆ ದೊರೆಯುವ ತಿಳಿವಳಿಕೆ.

೩

ಈಗ ಗಣಕ ವಾರ್ತೆಯ ಸ್ವರೂಪವನ್ನು ನೋಡೋಣ. ಅನುಕೂಲಕ್ಕಾಗಿ ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು: ಪ್ರಕಟಣೆ, ಪರೀಕ್ಷೆ, ವ್ಯಾಖ್ಯಾನ ಮತ್ತು ಸಲಹೆ.

ಪ್ರಕಟಣೆಯೆಂದರೆ ಹೊಸ ಯಂತ್ರವೋ ತಂತ್ರಾಂಶವೋ ಬಂದಿತೆಂಬ ಸುದ್ದಿ. ಇದರ ಮೂಲ ಸಾಮಾನ್ಯವಾಗಿ ತಯಾರಕರೇ ಹಂಚುವ ಟಿಪ್ಪಣಿ. ಕನ್ನಡದಲ್ಲಿ ಅತಿ ಹೆಚ್ಚಾಗಿ ಕಾಣುವ ಬಗೆ ಇದು. ಅತಿ ದುರ್ಬಲವಾದುದೂ ಇದೇ. 'ಬಹುನಿರೀಕ್ಷಿತ ನೂತನ ಲ್ಯಾಪ್‌ಟಾಪನ್ನು ಕಂಪನಿಯು ಅನಾವರಣಗೊಳಿಸಿದ್ದು, ಇದು ಅತ್ಯಾಧುನಿಕ ಪ್ರೊಸೆಸರಿನಿಂದ ಚಾಲಿತವಾಗಿದೆ' ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ಇದು ಯಾವ ಪತ್ರಿಕೆಯದೂ ಅಲ್ಲ. ಮಾದರಿಗಾಗಿ ನಾವೇ ರಚಿಸಿದ್ದು. ಆದರೂ ಇಂತಹ ವಾಕ್ಯವನ್ನು ಓದದ ವಾಚಕರಿಲ್ಲ. ಬಹುವಾಗಿ ನಿರೀಕ್ಷಿಸಿದವರು ಯಾರು? ಮಾನ್ವಿಯ ವಾಚಕ ನಿರೀಕ್ಷಿಸಿರಲಿಲ್ಲ. ಅನಾವರಣವಾದದ್ದು ಎಲ್ಲಿ? ಅವನ ಊರಿನಲ್ಲಿ ಅಲ್ಲ. ಯಾವ ಪ್ರೊಸೆಸರು, ಹಿಂದಿನದಕ್ಕಿಂತ ಯಾವ ಕೆಲಸದಲ್ಲಿ ಎಷ್ಟು ಮೇಲು? ವಾಕ್ಯ ಹೇಳುವುದಿಲ್ಲ. ಪದಗಳು ಕನ್ನಡದವು, ಅವುಗಳ ಹಿಂದಿರುವ ಕೊಳ್ಳುಗ ಬೇರೆ ದೇಶದವನು.

ಪರೀಕ್ಷೆಯೆಂದರೆ ಯಂತ್ರವನ್ನು ಕೈಗೆ ತೆಗೆದುಕೊಂಡು, ಕೆಲವು ದಿನ ಬಳಸಿ, ಗುಣದೋಷಗಳನ್ನು ಹೇಳುವುದು. ವಿಮರ್ಶೆಗೆ ಅತಿ ಸಮೀಪದ ಬಗೆ ಇದು. ವ್ಯಾಖ್ಯಾನವೆಂದರೆ ಯಾವ ತಯಾರಕರು ಏಕೆ ಗೆದ್ದರು, ಏಕೆ ಸೋತರು ಎಂಬ ವಿಚಾರ. ಸಲಹೆಯೆಂದರೆ ವಾಚಕನ ಕಷ್ಟಕ್ಕೆ ಉತ್ತರ. ಈ ಮೂರೂ ಬಗೆಗಳು ಬರಹಗಾರನಿಂದ ಸ್ವಂತ ಶ್ರಮವನ್ನು ಬೇಡುತ್ತವೆ. ಬಂದ ಟಿಪ್ಪಣಿಯನ್ನು ಅನುವಾದಿಸಿ ಅವನ್ನು ಬರೆಯಲಾಗದು.

ಇಂತಹ ಬರವಣಿಗೆ ಯಾವ ಎತ್ತರಕ್ಕೆ ಏರಬಲ್ಲದೆಂಬುದಕ್ಕೆ ಒಂದು ನಿದರ್ಶನ ಸಾಕು. ೧೯೯೪ರಲ್ಲಿ ಅಮೆರಿಕದ ವರ್ಜೀನಿಯಾ ಪ್ರಾಂತದ ಒಂದು ಚಿಕ್ಕ ಕಾಲೇಜಿನ ಗಣಿತದ ಅಧ್ಯಾಪಕ ಥಾಮಸ್ ನೈಸ್ಲಿ, ಅವಳಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕದಲ್ಲಿ ತೊಡಗಿದ್ದಾಗ, ತಮ್ಮ ಹೊಸ ಗಣಕದ ಉತ್ತರಗಳು ತುಸು ತಪ್ಪುತ್ತಿರುವುದನ್ನು ಕಂಡರು. ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸಿ ತಳ್ಳಿಹಾಕುತ್ತ ಬಂದು, ದೋಷವಿರುವುದು ಇಂಟೆಲ್ ಸಂಸ್ಥೆಯ ಪೆಂಟಿಯಂ ಪ್ರೊಸೆಸರಿನ ಭಾಗಾಕಾರದ ಅಂಗದಲ್ಲಿಯೇ ಎಂದು ನಿರ್ಧರಿಸಿದರು. ಆ ವರ್ಷದ ನವೆಂಬರಿನಲ್ಲಿ ಉದ್ಯಮದ ಪತ್ರಿಕೆಯೊಂದು ಇದನ್ನು ಪ್ರಕಟಿಸಿತು. ಅಲ್ಲಿಂದ ದಿನಪತ್ರಿಕೆಗಳಿಗೆ ಹಬ್ಬಿತು. ಸಾಮಾನ್ಯ ಬಳಕೆದಾರರಿಗೆ ಇದರಿಂದ ಬಾಧೆಯಿಲ್ಲವೆಂದು ಮೊದಲು ವಾದಿಸಿದ ಸಂಸ್ಥೆ, ಡಿಸೆಂಬರ್ ೨೦ರಂದು, ಕೇಳಿದವರಿಗೆಲ್ಲ ಪ್ರೊಸೆಸರನ್ನು ಬದಲಿಸಿ ಕೊಡುವುದಾಗಿ ಒಪ್ಪಿತು. ಅದರ ವೆಚ್ಚಕ್ಕಾಗಿ ೪೭.೫ ಕೋಟಿ ಡಾಲರುಗಳನ್ನು ಲೆಕ್ಕದಲ್ಲಿ ತೆಗೆದಿಡಬೇಕಾಯಿತು. ದೋಷವನ್ನು ಕಂಡವರು ಒಬ್ಬ ಕಾಲೇಜು ಅಧ್ಯಾಪಕರೆಂಬುದು ನಮ್ಮ ವಾಚಕರ ಗಮನಕ್ಕೆ ಅರ್ಹವಾದ ಅಂಶ. ಅವರು ತಮ್ಮ ಸ್ವಂತ ಕೆಲಸವನ್ನು ಯಂತ್ರದ ಮೇಲೆ ನಡೆಸಿದ್ದರು. ಆದುದರಿಂದಲೇ ದೋಷ ಕಂಡಿತು. ನಮ್ಮ ಕೆಲಸ ಕನ್ನಡದ ಕೆಲಸ. ಅದನ್ನು ಯಂತ್ರದ ಮೇಲೆ ನಡೆಸಿ ನೋಡಿ ಹೇಳಬೇಕಾದವರು ನಾವೇ.

೪

ನಮ್ಮ ರಾಜ್ಯದಲ್ಲಿಯೇ ನಡೆದ ಎರಡು ಪ್ರಸಂಗಗಳನ್ನು ಹೋಲಿಸಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ.

ಮೊದಲನೆಯದು ಸಿಂಪ್ಯೂಟರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ತಂತ್ರಾಂಶ ಸಂಸ್ಥೆಯವರೂ ಕೂಡಿ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಯೋಜಿಸಿದ ಅಂಗೈಯಗಲದ ಗಣಕ ಇದು. ಸರಳವಾಗಿರಬೇಕು, ಅಗ್ಗವಾಗಿರಬೇಕು, ಭಾರತದ ಭಾಷೆಗಳಲ್ಲಿ ಬರೆದು ತೋರಿಸುವುದಲ್ಲದೆ ಓದು ಬಾರದವರಿಗೆ ಓದಿ ಹೇಳಬೇಕು ಎಂಬುದು ಅದರ ಉದ್ದೇಶ. ೨೦೦೧ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ವಾರದ ಸಂಚಿಕೆ ಅದನ್ನು ಆ ವರ್ಷದ ಮುಖ್ಯ ಕಲ್ಪನೆಗಳಲ್ಲಿ ಒಂದೆಂದು ಹೊಗಳಿತು. ೨೦೦೪ರ ಮಾರ್ಚಿಯಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ 'ಅಮಿಡಾ' ಎಂಬ ರೂಪ, ಹತ್ತು ಸಾವಿರ ರೂಪಾಯಿಗೆ ತುಸು ಕಡಮೆಯಿಂದ ಮೊದಲಾಗುವ ಬೆಲೆಗಳಲ್ಲಿ ಮಾರಾಟಕ್ಕೆ ಬಂದಿತು. ಕೈಯ ಚಲನೆಯನ್ನು ಗುರುತಿಸುವ ಸಂವೇದಕ ಅದರಲ್ಲಿತ್ತು. ಇಂದು ಎಲ್ಲರ ಕೈಯಲ್ಲಿರುವ ಫೋನುಗಳಿಗೆ ಆ ಗುಣ ಅನಂತರ ಬಂದದ್ದು. ಇಷ್ಟಿದ್ದೂ ಅದು ನಿರೀಕ್ಷಿಸಿದ ಸಂಖ್ಯೆಯಲ್ಲಿ ಮಾರಾಟವಾಗದೆ ಕೆಲವೇ ವರ್ಷಗಳಲ್ಲಿ ಮರೆಯಾಯಿತು. ಅದು ಹುಟ್ಟಿದ ಸುದ್ದಿ ಲೋಕಕ್ಕೆಲ್ಲ ತಿಳಿಯಿತು. ಅದರ ಬೆಲೆ ಹಳ್ಳಿಯವನಿಗೆ ಎಟುಕಿತೇ, ಅದರಲ್ಲಿ ಓದಲು ಕನ್ನಡದಲ್ಲಿ ಏನಿತ್ತು, ಕೆಟ್ಟರೆ ದುರಸ್ತಿ ಎಲ್ಲಿ, ಜನ ಏಕೆ ಕೊಳ್ಳಲಿಲ್ಲ ಎಂಬ ಪ್ರಶ್ನೆಗಳಿಗೆ ವಿಸ್ತಾರವಾದ ಕನ್ನಡ ಪರಿಶೀಲನೆಯೊಂದು ನಮ್ಮ ವಿದ್ಯಾರ್ಥಿಗಳ ಕೈಗೆ ಬಂದಿಲ್ಲ. ಬಂದಿದ್ದರೆ ಮುಂದಿನ ಪ್ರಯತ್ನದವರಿಗೆ ಅದು ಬುತ್ತಿಯಾಗುತ್ತಿತ್ತು.

ಎರಡನೆಯದು 'ಭೂಮಿ'. ರಾಜ್ಯದ ಪಹಣಿಗಳನ್ನು ಗಣಕಕ್ಕೆ ಏರಿಸಿದ ಈ ಯೋಜನೆ ೨೦೦೦ದ ಸುಮಾರಿಗೆ ಆರಂಭವಾಗಿ ಒಂದೆರಡು ವರ್ಷಗಳಲ್ಲಿ ತಾಲ್ಲೂಕು ಕಚೇರಿಗಳನ್ನೆಲ್ಲ ಮುಟ್ಟಿತು. ಸುಮಾರು ೬೭ ಲಕ್ಷ ರೈತರ ಎರಡು ಕೋಟಿ ಪಹಣಿಗಳು ಅದರಲ್ಲಿ ಸೇರಿದವು. ಆರಂಭದಲ್ಲಿ ಒಂದು ಪ್ರತಿಗೆ ಹದಿನೈದು ರೂಪಾಯಿ. ನೌಕರರು ಬೆರಳಿನ ಗುರುತು ಕೊಟ್ಟು ಯಂತ್ರವನ್ನು ತೆರೆಯಬೇಕು. ಕಿಂಡಿಯ ಹೊರಗೆ ನಿಂತ ರೈತನಿಗೆ ಕಾಣುವಂತೆ ಎರಡನೆಯದೊಂದು ತೆರೆಯನ್ನು ಇಡಬೇಕು ಎಂಬ ಏರ್ಪಾಡು ಇತ್ತು. ದೇವದುರ್ಗ, ಮಾನ್ವಿಗಳ ಬಹುಮಂದಿ ಒಕ್ಕಲುಮಕ್ಕಳಿಗೆ ಗಣಕದ ಮೊದಲ ಪರಿಚಯ ಆದದ್ದು ಈ ಕಿಂಡಿಯಲ್ಲಿಯೇ. ಅವರ ಪಾಲಿಗೆ ಗಣಕವೆಂದರೆ ಮೇಜಿನ ಮೇಲಿನ ಸ್ವಂತ ಆಸ್ತಿಯಲ್ಲ, ಹೊಲದ ಹಕ್ಕನ್ನು ಹೇಳುವ ಕಾಗದದ ಮೂಲ. 'ಕಂಪ್ಯೂಟರ್ ಪಹಣಿ' ಎಂಬ ಮಾತು ಆಡುಭಾಷೆಯಲ್ಲಿ ನಿಂತದ್ದೂ ಹಾಗೆಯೇ. ಹೆಸರಿನಲ್ಲಿ ಒಂದಕ್ಷರ ತಪ್ಪಾಗಿ ನಮೂದಾದರೆ ತಿದ್ದಿಸಲು ಎಷ್ಟು ಸಲ ಬಸ್ಸು ಹತ್ತಬೇಕು, ಯಂತ್ರ ನಿಂತ ದಿನ ಸಾಲದ ಅರ್ಜಿಯ ಗತಿಯೇನು ಎಂಬುವು ಅವರ ಗಣಕ ವಾರ್ತೆ.

ಮೊದಲನೆಯದು ಉದ್ಯಮದ ಪುಟಕ್ಕೆ ಸೇರಿತು. ಎರಡನೆಯದು ಆಡಳಿತದ ಪುಟಕ್ಕೆ ಸೇರಿತು. ಈ ವಿಭಜನೆಯೇ ದೋಷದ ಮೂಲವೆಂದು ನಮ್ಮ ಅಭಿಪ್ರಾಯ. ಗಣಕೋದ್ಯಮವೆಂದರೆ ಬೆಂಗಳೂರಿನ ಕಂಪನಿ, ಅಮೆರಿಕದ ಬಿಡುಗಡೆ ಎಂದು ತಿಳಿದ ಪತ್ರಿಕೆ ತಾಲ್ಲೂಕು ಕಚೇರಿಯ ಕಿಂಡಿಯನ್ನು ತಂತ್ರಜ್ಞಾನದ ಸುದ್ದಿಯೆಂದು ಎಣಿಸುವುದಿಲ್ಲ. ರಾಯಚೂರಿನಲ್ಲಿ ದಿನಪತ್ರಿಕೆಗಳು ಅಚ್ಚಾಗುತ್ತವೆ, ಕೃಷಿ ವಿಶ್ವವಿದ್ಯಾನಿಲಯವಿದೆ, ೨೦೧೯ರಲ್ಲಿ ಸ್ಥಾಪಿತವಾದ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ಇದೆ. ಬರೆಯಬಲ್ಲವರೂ ತಿಳಿದವರೂ ಒಂದೇ ಊರಿನಲ್ಲಿದ್ದಾರೆ. ಇವರಿಬ್ಬರ ನಡುವೆ ಸಂಪರ್ಕವನ್ನು ಕಲ್ಪಿಸುವ ಗದ್ಯ ಬೆಳೆಯಬೇಕಾಗಿದೆ.

೫

ಕನ್ನಡದಲ್ಲಿ ಈ ದಿಕ್ಕಿನ ಕೆಲಸವೇ ಆಗಿಲ್ಲವೆಂದರೆ ಅನ್ಯಾಯವಾದೀತು. ಭಾಭಾ ಅಣುಶಕ್ತಿ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ ಅವರು ೧೯೯೬ರಲ್ಲಿಯೇ 'ವಿಶ್ವಕನ್ನಡ' ಎಂಬ ಜಾಲಪತ್ರಿಕೆಯನ್ನು ಆರಂಭಿಸಿದರು. 'ಕನ್ನಡಪ್ರಭ'ದಲ್ಲಿ ಅವರು ಬರೆದ 'ಗಣಕಿಂಡಿ' ಎಂಬ ಅಂಕಣ ನಮ್ಮ ವಿಷಯಕ್ಕೆ ಬಹಳ ಪ್ರಸ್ತುತವಾದುದು. ಹೆಸರಿನಲ್ಲಿಯೇ ಶ್ಲೇಷೆಯಿದೆ: ಗಣಕದ ಕಿಂಡಿ, ಉಡುಪಿಯ ಕನಕನ ಕಿಂಡಿ ಎರಡೂ ಕಿವಿಗೆ ಬೀಳುತ್ತವೆ. ಒಳಗೆ ಹೋಗಲು ಅವಕಾಶವಿಲ್ಲದವನಿಗೆ ಹೊರಗಿನಿಂದಲೇ ದರ್ಶನ ದೊರೆತ ಕಥೆಯನ್ನು ಆ ಹೆಸರು ನೆನಪಿಸುತ್ತದೆ. ಅಂಕಣದ ಒಳವಿಭಾಗಗಳು ಚಿಕ್ಕಚಿಕ್ಕವು: ಜಾಲತಾಣದ ಪರಿಚಯಕ್ಕೆ 'ಅಂತರಜಾಲಾಡಿ', ಒಂದು ಉಪಯುಕ್ತ ತಂತ್ರಾಂಶಕ್ಕೆ 'ಡೌನ್‌ಲೋಡ್', ಬಳಿಕ ಸುದ್ದಿ, ಪದ, ಸಲಹೆ, ಕೊನೆಗೆ ನಗೆಗೆ 'ಕಂಪ್ಯೂತರ್ಲೆ'. ನಾವು ಮೇಲೆ ವಿಂಗಡಿಸಿದ ಬಗೆಗಳಲ್ಲಿ ಸಲಹೆಗೂ ಪದವಿಚಾರಕ್ಕೂ ಇಲ್ಲಿ ಸುದ್ದಿಯಷ್ಟೇ ಸ್ಥಳವಿದ್ದುದನ್ನು ಗಮನಿಸಬೇಕು. ಮುಂದೆ ಅವರು 'ಪ್ರಜಾವಾಣಿ'ಯಲ್ಲಿ ಬರೆದ 'ಗ್ಯಾಜೆಟ್ ಲೋಕ' ಪರೀಕ್ಷೆಯ ಬಗೆಗೆ ಸೇರಿದ್ದು. ವಸ್ತುವನ್ನು ಬಳಸಿ ನೋಡಿ, ಕೊಡುವ ಹಣಕ್ಕೆ ತಕ್ಕುದೇ ಎಂದು ತೀರ್ಪು ಹೇಳುವುದು ಅದರ ಕ್ರಮ. ಗಣಕದಿಂದ ಗ್ಯಾಜೆಟ್ಟಿಗೆ ನಡೆದ ಈ ಪಯಣದಲ್ಲಿ ಉದ್ಯಮದ ಚರಿತ್ರೆಯೂ ಅಡಗಿದೆ. ವಿಪ್ರೊ ೨೦೧೩ರಲ್ಲಿ ಪಿ.ಸಿ. ತಯಾರಿಕೆಯನ್ನು ನಿಲ್ಲಿಸಿತು, ಕೊಳ್ಳುಗನ ಕಣ್ಣು ಮೇಜಿನಿಂದ ಅಂಗೈಗೆ ಇಳಿದಿತ್ತು. ಟಿ. ಜಿ. ಶ್ರೀನಿಧಿಯವರು ೨೦೦೭ರಲ್ಲಿ ಆರಂಭಿಸಿದ 'ಇಜ್ಞಾನ' ತಾಣವೂ ಇದೇ ಸಾಲಿನ ಶ್ರಮ. ತಂತ್ರಜ್ಞಾನವನ್ನು ಬೆಡಗಿಲ್ಲದ ತಿಳಿಗನ್ನಡದಲ್ಲಿ ವಿವರಿಸಬಹುದೆಂಬುದಕ್ಕೆ ಅದು ಸಾಕ್ಷಿ.

ಈ ಬರವಣಿಗೆಯ ಮಿತಿಯನ್ನೂ ಹೇಳಬೇಕು. ಇವೆಲ್ಲ ಬಹುಮಟ್ಟಿಗೆ ಒಬ್ಬೊಬ್ಬರ ಶ್ರಮದಿಂದ ನಡೆದವು. ಪತ್ರಿಕೆಯ ಕಾರ್ಯಾಲಯದಲ್ಲಿ ಕ್ರೀಡೆಗೆ, ಚಲನಚಿತ್ರಕ್ಕೆ ಇರುವಂತೆ ಈ ವಿಷಯಕ್ಕೂ ಪಳಗಿದ ವರದಿಗಾರರ ಒಂದು ಪಂಕ್ತಿ ಬೆಳೆದರೆ ಮಾತ್ರ ಅಂಕಣ ನಿಂತರೂ ವಿಚಾರ ನಿಲ್ಲದೆ ಮುಂದುವರಿಯುತ್ತದೆ.

ಇನ್ನು, ನಮ್ಮ ಕಿರುಪ್ರಬಂಧದ ಗತಿಗೆ ಕಾರಣವಾದ ವಿಷಯವನ್ನು ನೋಡೋಣ. ಗಣಕಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಮೊದಲಿನ ಕನ್ನಡ ತಂತ್ರಾಂಶಗಳು ರೋಮನ್ ಅಕ್ಷರಗಳಿಗೆ ನಿಗದಿಯಾದ ಸಂಖ್ಯೆಗಳ ಮೇಲೆಯೇ ಕನ್ನಡದ ತಲೆಕಟ್ಟು, ಗುಣಿತದ ಚಿಹ್ನೆ, ಒತ್ತುಗಳ ತುಣುಕುಗಳನ್ನು ಕೂರಿಸಿದವು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ರೋಮನ್ ಕಲಸುಮೇಲೋಗರ. ಒಬ್ಬ ತಯಾರಕರ ತುಣುಕಿನ ಕ್ರಮ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಶೇಷಾದ್ರಿವಾಸು ಅವರು ೧೯೯೮ರಲ್ಲಿ ಹೊರತ೦ದ 'ಬರಹ', ಈ ಶತಮಾನದ ಆರಂಭದ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ರೂಪಿಸಿ ಸರಕಾರ ಬಿಡುಗಡೆ ಮಾಡಿದ 'ನುಡಿ', ಇವು ಲಕ್ಷಾಂತರ ಜನರನ್ನು ಕನ್ನಡದಲ್ಲಿ ಬರೆಯುವಂತೆ ಮಾಡಿದವು. ಕೆ. ಪಿ. ರಾವ್ ಅವರು ಧ್ವನಿಗೆ ಅನುಗುಣವಾಗಿ ರಚಿಸಿದ ಕೀಲಿಮಣೆಯ ವಿನ್ಯಾಸ ಇವಕ್ಕೆ ಆಧಾರವಾಯಿತು. ಇವರ ಉಪಕಾರವನ್ನು ಯಾರೂ ಮರೆಯಲಾಗದು. ಆದರೆ ಲೋಕದ ಲಿಪಿಗಳಿಗೆಲ್ಲ ಬೇರೆಬೇರೆ ಸಂಖ್ಯೆ ಕೊಡುವ ಯೂನಿಕೋಡ್ ೧೯೯೧ರಲ್ಲಿಯೇ ಕನ್ನಡಕ್ಕೂ ಸ್ಥಾನವನ್ನು ಕೊಟ್ಟಿತ್ತು. ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟೂ ಬಂದಿತ್ತು. ಅಂಗಡಿಗಳು ಮಾತ್ರ ಹಳೆಯ ಕ್ರಮದಲ್ಲಿಯೇ ನಿಂತವು. ಅದಕ್ಕೂ ಕಾರಣವಿತ್ತು: ಪುಟ ಕಟ್ಟಲು ಎಲ್ಲರೂ ಬಳಸುತ್ತಿದ್ದ ಪೇಜ್‌ಮೇಕರ್ ಯೂನಿಕೋಡ್ ಕನ್ನಡವನ್ನು ಒಪ್ಪುತ್ತಿರಲಿಲ್ಲ. ಅದರ ಸ್ಥಾನಕ್ಕೆ ಬಂದ ಇನ್‌ಡಿಸೈನ್ ೨೦೧೨ರ ಆವೃತ್ತಿಯಲ್ಲಿ ಭಾರತೀಯ ಲಿಪಿಗಳಿಗೆ ಅನುವು ಮಾಡಿತು. ಒಬ್ಬ ತಯಾರಕರ ತಂತ್ರಾಂಶದ ಒಂದು ಕೊರತೆ ದೇವದುರ್ಗದ ಕಿರುಪ್ರಬಂಧದವರೆಗೆ ಹೇಗೆ ಬಂದು ಮುಟ್ಟಿತೆಂಬುದನ್ನು ಇದರಿಂದ ತಿಳಿಯಬಹುದು. ಉದ್ಯಮದ ವ್ಯಾಖ್ಯಾನವೆಂದರೆ ಇಂತಹ ಕಾರ್ಯಕಾರಣಗಳ ವಿವರಣೆ. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಸಾರ್ವಜನಿಕ ಚರ್ಚೆಗೆ ಎಳೆದು ತಂದದ್ದು ಇದರ ಗಂಭೀರತೆಯನ್ನು ಅರಿತೇ.

ನಮ್ಮ ವಿಭಾಗಗಳ ಮೌನಕ್ಕೆ ತೆರಬೇಕಾಗಿ ಬಂದ ಬೆಲೆಗೆ ಇನ್ನೊಂದು ನಿದರ್ಶನ: ಪಂಪ-ರನ್ನರ 'ೞ' ಅಕ್ಷರ ಯೂನಿಕೋಡಿನ ಪಟ್ಟಿಯಲ್ಲಿ 'ಫ' ಎಂಬ ತಪ್ಪು ಹೆಸರಿನಿಂದ ಸೇರಿದೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮವಾದುದರಿಂದ, ಇದು ತಪ್ಪೆಂದು ಟಿಪ್ಪಣಿ ಸೇರಿತೇ ಹೊರತು ಹೆಸರು ಹಾಗೆಯೇ ಉಳಿದಿದೆ. ಹಳಗನ್ನಡ ಬಲ್ಲ ಒಬ್ಬ ಅಧ್ಯಾಪಕರ ಕಣ್ಣು ಸಕಾಲದಲ್ಲಿ ಆ ಪಟ್ಟಿಯ ಮೇಲೆ ಬಿದ್ದಿದ್ದರೆ ಈ ತಪ್ಪು ನಿಲ್ಲುತ್ತಿರಲಿಲ್ಲ.

ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನ ೧೯೧೫ರಲ್ಲಿ ನಮ್ಮ ಜಿಲ್ಲೆಯಲ್ಲಿಯೇ ದೊರೆಯಿತು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಆ ಬರಹವನ್ನು ಕಂಡೊಡನೆ ಓದಲು ಸಾಧ್ಯವಾದದ್ದು, ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀಲಿಪಿಯನ್ನು ಬಿಡಿಸಿದ್ದರಿಂದ. ಬರಹ ಉಳಿದರೆ ಸಾಲದು, ಅದನ್ನು ಓದುವ ಕ್ರಮವೂ ಉಳಿಯಬೇಕೆಂಬ ಮಾತು ಶಾಸನ ವಿದ್ಯಾರ್ಥಿಗಳಿಗೆ ಹೊಸದಲ್ಲ. ಗಣಕದ ಕಡತಕ್ಕೂ ಅದೇ ಮಾತು ಅನ್ವಯಿಸುತ್ತದೆ.

೬

ಪರಿಭಾಷೆಯ ವಿಷಯವಾಗಿ ಎರಡು ಮಾತು. ತಂತ್ರಾಂಶ, ಯಂತ್ರಾಂಶ, ಜಾಲತಾಣ ಮುಂತಾದ ಪದಗಳು ಪತ್ರಿಕೆಗಳ ಮೂಲಕವೇ ಬಳಕೆಗೆ ಬಂದವು. 'ಅಂತರ್ಜಾಲ'ವೋ 'ಅಂತರಜಾಲ'ವೋ ಎಂಬ ಚರ್ಚೆಯೂ ನಡೆದಿದೆ. ಒಳಗಿನ ಜಾಲ, ನಡುವಣ ಜಾಲ ಎಂಬ ಅರ್ಥಭೇದವನ್ನು ಮುಂದಿಟ್ಟು ಪವನಜ ಅವರು ಎರಡನೆಯದನ್ನು ಎತ್ತಿಹಿಡಿದರು. ವ್ಯುತ್ಪತ್ತಿ ಅವರ ಕಡೆಗಿದೆ. ರೂಢಿ ಇನ್ನೊಂದರ ಕಡೆಗಿದೆ. 'ಗಣಕ' ಎಂಬ ಪದವೇ ಹಿಂದೆ ಲೆಕ್ಕಿಗನಿಗೂ ಜೋಯಿಸನಿಗೂ ಸಲ್ಲುತ್ತಿತ್ತು. ನಮ್ಮ ಸೀಮೆಯ ಆಡುಮಾತಿನಲ್ಲಿ ಪಹಣಿ, ದಫ್ತರ, ಖಾತೆ, ತಹಶೀಲು ಇವೆಲ್ಲ ಆಡಳಿತದೊಡನೆ ಹೊರಗಿನಿಂದ ಬಂದು ನೆಲಸಿದವು. ಇಂದು ಅವನ್ನು ಪರಭಾಷೆಯವೆಂದು ಯಾರೂ ಎಣಿಸುವುದಿಲ್ಲ. ಕಂಪ್ಯೂಟರ್, ಪ್ರಿಂಟರ್, ಮೌಸ್ ಎಂಬುವೂ ಹಾಗೆಯೇ ನೆಲಸಿವೆ. ಆದುದರಿಂದ ಪದ ದೇಶ್ಯವೋ ಅನ್ಯವೋ ಎಂಬುದಕ್ಕಿಂತ ವಾಕ್ಯ ಕನ್ನಡದ್ದೋ ಅಲ್ಲವೋ ಎಂಬುದೇ ಮುಖ್ಯ ಪ್ರಶ್ನೆ. 'ಈ ಯಂತ್ರದಲ್ಲಿ ಕನ್ನಡ ಟೈಪ್ ಮಾಡಿದರೆ ಒತ್ತಕ್ಷರ ಸರಿಯಾಗಿ ಮೂಡುತ್ತದೆ' ಎಂಬ ವಾಕ್ಯದಲ್ಲಿ ಇಂಗ್ಲಿಷ್ ಪದವಿದ್ದರೂ ಅದು ಕನ್ನಡ ವಾಕ್ಯ. ನಾವು ಮೇಲೆ ಕೊಟ್ಟ ಅನಾವರಣದ ವಾಕ್ಯ, ಬಹುತೇಕ ಸಂಸ್ಕೃತ ಪದಗಳಿಂದ ಕೂಡಿದ್ದರೂ, ಹಾಗಲ್ಲ.

೭

ಇಷ್ಟು ವಿಚಾರದಿಂದ ಒಂದು ಅಳತೆಗೋಲನ್ನು ಕಂಡುಕೊಳ್ಳಬಹುದು. ಗಣಕ ವಾರ್ತೆಯನ್ನು ಓದುವಾಗ ಮೂರು ಪ್ರಶ್ನೆಗಳನ್ನು ಕೇಳಬೇಕು. ಇದರಲ್ಲಿ ಕನ್ನಡದ ಕೆಲಸ ಹೇಗೆ ನಡೆಯುತ್ತದೆ? ಇದು ಎಷ್ಟು ವರ್ಷ ಬಾಳುತ್ತದೆ, ಅನಂತರ ನಮ್ಮ ಬರಹದ ಗತಿಯೇನು? ಒಂದು ಯಂತ್ರವನ್ನು ಹತ್ತು ಜನ ಹಂಚಿಕೊಳ್ಳುವ ಊರಿನಲ್ಲಿ ಇದರ ಬೆಲೆ ಏನು?

ತೀರ ಇತ್ತೀಚಿನ ಸುದ್ದಿಯೊಂದಕ್ಕೆ ಇದನ್ನು ಹಚ್ಚಿ ನೋಡಬಹುದು. ೨೦೨೫ರ ಅಕ್ಟೋಬರ್ ೧೪ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮನೆಯ ಬಳಕೆದಾರರಿಗೆ ಭದ್ರತೆಯ ತಿದ್ದುಪಡಿಗಳನ್ನು ಇನ್ನೊಂದು ವರ್ಷದ ಅವಧಿಗೆ ಪಡೆಯುವ ಅವಕಾಶವನ್ನು ಕೊಟ್ಟಿತು. ವಿಂಡೋಸ್ ೧೧ಕ್ಕೆ ಟಿ.ಪಿ.ಎಂ. ೨.೦ ಎಂಬ ಭದ್ರತಾಂಗ ಬೇಕು. ಇಂಟೆಲ್ ಪ್ರೊಸೆಸರಾದರೆ ಸ್ಥೂಲವಾಗಿ ಎಂಟನೆಯ ತಲೆಮಾರಿನದೋ ಅನಂತರದ್ದೋ ಆಗಿರಬೇಕು. ಇದು ಪ್ರಕಟಣೆ. ಕನ್ನಡದಲ್ಲಿ ಇದರ ವ್ಯಾಖ್ಯಾನ ಹೀಗಿರಬೇಕು: ಕಾಲೇಜಿನ ಪ್ರಯೋಗಾಲಯದ ಹಳೆಯ ಗಣಕಗಳು ಈ ಅಳತೆಗೆ ನಿಲ್ಲುತ್ತವೆಯೇ ಎಂದು ನೋಡುವುದು ಹೇಗೆ, ನಿಲ್ಲದಿದ್ದರೆ ಅವನ್ನು ಗುಜರಿಗೆ ಹಾಕಬೇಕೇ ಅಥವಾ ಲಿನಕ್ಸ್ ಹಾಕಿ ಇನ್ನೂ ಕೆಲವು ವರ್ಷ ದುಡಿಸಬಹುದೇ, ಲಿನಕ್ಸಿನಲ್ಲಿ ನಮ್ಮ ಕೀಲಿಮಣೆ ದೊರೆಯುತ್ತದೆಯೇ, ಹಳೆಯ ಫಾಂಟಿನ ಕಡತಗಳನ್ನು ವರ್ಗಾಯಿಸುವ ಮುನ್ನ ಏನು ಮಾಡಬೇಕು. ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡುವ ಒಂದು ಅರ್ಧ ಪುಟದ ಲೇಖನ, ಹತ್ತು ಹೊಸ ಯಂತ್ರಗಳ ಅನಾವರಣಕ್ಕಿಂತ ರಾಯಚೂರು, ದೇವದುರ್ಗ, ಮಾನ್ವಿಗಳ ಕಾಲೇಜುಗಳಿಗೆ ಹೆಚ್ಚು ಉಪಯುಕ್ತ.

ಪತ್ರಿಕೆಗಳಿಗೆ ಬುದ್ಧಿ ಹೇಳಿ ಸುಮ್ಮನಾಗುವುದು ನಮ್ಮ ಉದ್ದೇಶವಲ್ಲ. ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ ಎರಡಿವೆ. ಒಂದು, ವಿದ್ಯಾರ್ಥಿಗಳಿಂದ ಒಂದು ವರ್ಷದ ಪತ್ರಿಕೆಗಳ ಗಣಕ ವಾರ್ತೆಯನ್ನು ಸಂಗ್ರಹಿಸಿ, ಮೇಲಿನ ನಾಲ್ಕು ಬಗೆಗಳಲ್ಲಿ ಯಾವುದು ಎಷ್ಟಿದೆಯೆಂದು ಎಣಿಸಿ ವಿಮರ್ಶಿಸುವುದು. ಎಂ.ಎ. ತರಗತಿಯ ಕಿರುಪ್ರಬಂಧಕ್ಕೆ ಇದು ತಕ್ಕ ವಿಷಯ. ಇನ್ನೊಂದು, ಕಪಾಟುಗಳಲ್ಲಿರುವ ಸಿ.ಡಿ.ಗಳನ್ನು ಅವು ಇನ್ನೂ ತೆರೆಯುವ ಸ್ಥಿತಿಯಲ್ಲಿರುವಾಗಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು. ಎರಡನೆಯದಕ್ಕೆ ಅವಸರವಿದೆ, ಸಿ.ಡಿ. ಓದುವ ಅಂಗವೇ ಹೊಸ ಗಣಕಗಳಲ್ಲಿ ಅಪರೂಪವಾಗಿದೆ.

ಗೋಪಾಲದಾಸರನ್ನು ಕುರಿತ ಆ ಕಿರುಪ್ರಬಂಧವನ್ನು ಪರಿವರ್ತಕ ತಂತ್ರಾಂಶವೊಂದರ ನೆರವಿನಿಂದ ಈಗ ಓದಲು ಬರುವಂತೆ ಮಾಡಿಕೊಂಡಿದ್ದೇವೆ. ಅರ್ಕಾವತ್ತುಗಳು ಕೆಲವೆಡೆ ಸ್ಥಾನ ತಪ್ಪಿವೆ. ನಡುನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿವೆ, ಏಕೆಂದರೆ ಎರಡು ಭಾಷೆಗೂ ಅಲ್ಲಿ ಒಂದೇ ಸಂಖ್ಯೆಗಳು. ಗದ್ಯಭಾಗವನ್ನು ಊಹೆಯಿಂದ ತಿದ್ದಬಹುದು. ಕೀರ್ತನೆಗಳ ಪಾಠಾಂತರಗಳನ್ನು ಹಾಗೆ ತಿದ್ದಲಾಗದು. ಅವನ್ನು ಹಾಡಿದವರಲ್ಲಿ ಬದುಕಿರುವವರ ಬಳಿಗೆ ಮತ್ತೊಮ್ಮೆ ಹೋಗಿ ಕೇಳಬೇಕಾಗಿದೆ.